ಇಪ್ಪತ್ತು ನಿಮಿಷಕ್ಕೆ ಮುಗಿಯುವ ಊರಲ್ಲ ಅದು

ಮೂರನೇ ಸೆಮಿಸ್ಟರ್‌ನ ಮ್ಯಾಥ್ಸ್ ಬ್ಯಾಕ್ ಉಳಿದಿತ್ತು. ಅದು ಕ್ಲಿಯರ್ ಆದರೆ ಮೊಮ್ಮಗನನ್ನು ವೇಳಾಂಗಣಿಗೆ ಕರೆದುಕೊಂಡು ಬರುತ್ತೇನೆಂದು ಅಜ್ಜಿ ನನ್ನನ್ನು ಕೇಳದೆಯೇ ಹರಕೆ ಹೊತ್ತಿದ್ದಳು. ಕ್ಲಿಯರ್ ಆಯಿತು. ‘ಓದಿದ್ದು ನಾನು, ಹೆಸರು ಮಾತೆಗೆ’ ಎಂದು ಗೊಣಗುತ್ತಲೇ ರಜೆಯಲ್ಲಿ ನಮ್ಮ ಚರ್ಚಿನವರು ಹೊರಡಿಸಿದ ಬಸ್ಸು ಹತ್ತಿದೆ.

ಯಾತ್ರೆಯ ಪಟ್ಟಿಯಲ್ಲಿ ವೇಳಾಂಗಣಿಗೆ ಮುಂಚೆ ತರಂಗಂಬಾಡಿ ಎಂಬ ಹೆಸರಿತ್ತು. ಮೊಬೈಲ್‌ನಲ್ಲಿ ಹುಡುಕಿದರೆ ಬೆರಗಾಯಿತು. ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು ಡೆನ್ಮಾರ್ಕಿನವರು 1620ರಲ್ಲಿ ಇಲ್ಲಿ ಕೋಟೆ ಕಟ್ಟಿದರು. 1845ರಲ್ಲಿ ಊರನ್ನು ಬ್ರಿಟಿಷರಿಗೆ ಮಾರಿ ಹೋದರು. ಈ ಮಧ್ಯೆ, 1706ರಲ್ಲಿ ಬಂದ ಜರ್ಮನಿಯ ಪಾದ್ರಿ ಜೀಗನ್‌ಬಾಲ್ಗ್ ತಮಿಳು ಕಲಿತು, ಅಚ್ಚುಕೂಟ ತರಿಸಿ, 1715ರ ಹೊತ್ತಿಗೆ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಮುದ್ರಿಸಿದರು. ಅವರ ಸಮಾಧಿ 1718ರಲ್ಲಿ ಕಟ್ಟಿದ ನ್ಯೂ ಜೆರುಸಲೇಮ್ ಚರ್ಚಿನಲ್ಲೇ ಇದೆ.

ಇಷ್ಟೆಲ್ಲ ಇರುವ ಊರಿಗೆ ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ‘ಟೀ ಕುಡಿದು, ಫೋಟೊ ತೆಗೆದುಕೊಂಡು ಬೇಗ ಬನ್ನಿ’ ಎಂದರು ಮುಂದಾಳತ್ವ ವಹಿಸಿದ್ದ ಅಂಕಲ್. ಚರ್ಚಿನೊಳಗೆ ಹೋಗೋಣವೇ ಎಂದು ಕೇಳಿದೆ. ‘ಅದು ನಮ್ಮದಲ್ಲಪ್ಪ, ಪ್ರೊಟೆಸ್ಟೆಂಟರದ್ದು’ ಎಂಬ ಉತ್ತರ ಬಂತು.

ನನ್ನ ತಕರಾರು ಇಲ್ಲಿಂದಲೇ ಶುರು. ‘ನಮ್ಮದಲ್ಲ’ ಎಂದುಬಿಟ್ಟರೆ ನೋಡುವ ಕಷ್ಟವೂ ಇಲ್ಲ, ತಿಳಿಯುವ ಕಷ್ಟವೂ ಇಲ್ಲ. ಹಾಗೆ ನೋಡಿದರೆ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಬಾಸೆಲ್ ಮಿಶನ್ ಕೂಡ ಪ್ರೊಟೆಸ್ಟೆಂಟರದ್ದೇ. ಕಿಟೆಲ್ ನಿಘಂಟನ್ನು ‘ನಮ್ಮದಲ್ಲ’ ಎಂದು ಯಾವ ಕನ್ನಡಿಗ ಪಕ್ಕಕ್ಕಿಟ್ಟಿದ್ದಾನೆ?

ಕೋಟೆಯ ಮುಂದೆ ಎಲ್ಲರೂ ಸೆಲ್ಫಿಗೆ ನಿಂತಾಗ ಮಂಡಿನೋವಿನ ಅಜ್ಜಿ ಕಡಲಿನ ಕಡೆ ಹೋಗಿ ಕುಳಿತಳು. ಅಲ್ಲೇ ಸಮೀಪದಲ್ಲಿ ಹದಿನಾಲ್ಕನೇ ಶತಮಾನದ ಮಾಸಿಲಾಮಣಿನಾಥರ್ ದೇಗುಲ. ಮೂಲ ಕಟ್ಟಡದ ಒಂದು ಭಾಗವನ್ನು ಕಡಲು ನುಂಗಿದೆ. ದಡಕ್ಕೆ ದೊಡ್ಡ ದೊಡ್ಡ ಬಂಡೆ ಸುರಿದು ಅಲೆಯನ್ನು ತಡೆದಿದ್ದಾರೆ. ಕಾಲೇಜಿನ ಪಾಠದಲ್ಲಿ ಕಡಲ ಕೊರೆತ ಎರಡು ಮಾರ್ಕಿನ ಪ್ರಶ್ನೆ. ಅಲ್ಲಿ ಅದು ಕಣ್ಣೆದುರಿಗೇ ಇತ್ತು.

ಮೀನು ಮಾರಿ ಬರುತ್ತಿದ್ದ ಹೆಂಗಸೊಬ್ಬರು ಅಜ್ಜಿಯನ್ನು ನೋಡಿ ‘ವೇಳಾಂಗಣಿಗಾ?’ ಎಂದು ಕೇಳಿ ಪಕ್ಕದಲ್ಲೇ ಕುಳಿತರು. ಅಜ್ಜಿಗೆ ತಮಿಳು ಬರುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಆಕೆ ಮಗನನ್ನು ಕಳೆದುಕೊಂಡಿದ್ದರು. ನಾನು ಹುಟ್ಟುವ ಮುಂಚಿನ ಮಾತು. ಅದೇ ಬೆಳಿಗ್ಗೆ ವೇಳಾಂಗಣಿಯಲ್ಲಿ ಕ್ರಿಸ್‌ಮಸ್‌ಗೆ ಬಂದಿದ್ದ ಯಾತ್ರಿಕರನ್ನೂ ಕಡಲು ಸೆಳೆದೊಯ್ದಿತ್ತು. ಆಕೆಯ ಹಣೆಯಲ್ಲಿ ವಿಭೂತಿ ಇತ್ತು. ಆದರೂ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟು, ‘ಮಾತೆಯ ಹತ್ತಿರ ನನ್ನ ಮಗನಿಗೆ ಒಂದು ಮೇಣದಬತ್ತಿ ಹಚ್ಚಿ’ ಎಂದರು.

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಜ್ಜಿ ಏಳಲಿಲ್ಲ. ‘ಹೋಗಿ ಹೇಳು ಮಗ, ಸ್ವಲ್ಪ ಹೊತ್ತು ಆಯ್ತದೆ ಅಂತ’ ಎಂದಳು. ಹೇಳಿದೆ, ಬೈಸಿಕೊಂಡೆ.

ಕರೆದುಕೊಂಡು ಹೋಗುವವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಬಸ್ಸಿನಲ್ಲಿ ವಯಸ್ಸಾದವರಿದ್ದರು, ಡ್ರೈವರ್ ರಾತ್ರಿಯಿಡೀ ನಿದ್ದೆಗೆಟ್ಟಿದ್ದರು, ಸಂಜೆಯ ಬಲಿಪೂಜೆಗೆ ತಲುಪಬೇಕಿತ್ತು. ಹಾಗಿದ್ದರೆ ಪಟ್ಟಿಯಲ್ಲಿ ಐದು ಊರು ಬರೆದು ಯಾವುದನ್ನೂ ನೋಡದೆ ಓಡುವ ಬದಲು, ಒಂದೇ ಊರು ಬರೆದು ಎರಡು ಗಂಟೆ ಇರಬಹುದಲ್ಲ? ಯಾತ್ರೆ ಎಂದರೆ ತಲುಪುವುದು ಮಾತ್ರವಲ್ಲ, ದಾರಿಯೂ ಯಾತ್ರೆಯೇ ಎಂದು ಪ್ರಸಂಗದಲ್ಲಿ ಕೇಳಿದ್ದೇವೆ. ಬಸ್ಸು ಹತ್ತಿದ ಕೂಡಲೇ ಅದನ್ನು ಮರೆತುಬಿಡುತ್ತೇವೆ.

ತಪ್ಪು ಹಿರಿಯರದ್ದಷ್ಟೇ ಅಲ್ಲ. ಬಸ್ಸಿನಲ್ಲಿ ನನ್ನ ವಯಸ್ಸಿನವರು ಏಳೆಂಟು ಮಂದಿ ಇದ್ದೆವು. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ನಾನು ಓದಿದ್ದನ್ನು ಎದ್ದು ನಿಂತು ಐದು ನಿಮಿಷ ಹೇಳಿದ್ದರೆ, ಆ ಅಂಕಲ್ ಕೂಡ ಚರ್ಚಿನೊಳಗೆ ಬರುತ್ತಿದ್ದರೇನೋ. ನಾನು ಹೇಳಲಿಲ್ಲ.

ವೇಳಾಂಗಣಿಯಲ್ಲಿ ಅಜ್ಜಿ ಎರಡು ಮೇಣದಬತ್ತಿ ಕೊಂಡಳು. ಮೊದಲು ಹಚ್ಚಿದ್ದು ನನ್ನ ಮ್ಯಾಥ್ಸ್‌ನದ್ದಲ್ಲ. ನನಗೆ ಬೇಜಾರೂ ಆಗಲಿಲ್ಲ.

ಮುಂದಿನ ವರ್ಷದ ಯಾತ್ರೆಗೆ ಈಗಲೇ ಹೆಸರು ಕೊಟ್ಟಿದ್ದೇನೆ. ತರಂಗಂಬಾಡಿಗೆ ಎರಡು ಗಂಟೆ ಬೇಕೆಂದು ಕೇಳಿದ್ದೇನೆ. ಆ ಊರಿನ ಬಗ್ಗೆ ಬಸ್ಸಿನಲ್ಲಿ ಎದ್ದುನಿಂತು ಹೇಳುವ ಕೆಲಸ ನನ್ನದೇ ಎಂದೂ ಒಪ್ಪಿಕೊಂಡಿದ್ದೇನೆ. ಅಂಕಲ್ ‘ನೋಡೋಣ’ ಎಂದಿದ್ದಾರೆ.