ನರಗುಂದ ಬಂಡಾಯದ ಕಥೆಯಲ್ಲಿ ರೈಲು ಓಡಬಹುದೇ?

ಬ್ರಿಟಿಷರ ಕಾಲದ ಕಾದಂಬರಿ ಎಂದರೆ ಉಗಿಬಂಡಿಯ ಸಿಳ್ಳೆ ಕೇಳಲೇಬೇಕು ಎಂಬಂತಾಗಿದೆ. ಆದರೆ 'ಬ್ರಿಟಿಷರ ಕಾಲ' ಬಹಳ ಉದ್ದದ್ದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯೇ 1837ರಿಂದ 1901ರವರೆಗೆ ನಡೆಯಿತು. ಮುಂಬಯಿ–ಠಾಣೆ ನಡುವೆ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ನಮ್ಮ ಗದಗ ಸೀಮೆಗೆ ಹಳಿ ಬಂದದ್ದು 1884ರ ಸುಮಾರಿಗೆ.

ಹಾಗಾಗಿ 1858ರ ನರಗುಂದದ ಬಾಬಾಸಾಹೇಬನ ಕಥೆಯಲ್ಲಿ ರೈಲಿಗೆ ಜಾಗವಿಲ್ಲ. ಸುರೇಬಾನದಲ್ಲಿ ಮ್ಯಾನ್ಸನ್ ಹತನಾದ ಮೇಲೆ ಪಡೆಗಳು ಬಂದದ್ದು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ. ತಂತಿಯ ಮಾತು ಬೇರೆ: ಮುಂಬಯಿ–ಮದ್ರಾಸ್ ನಡುವೆ ಅದು ಆಗಲೇ ಇತ್ತು. ಸುದ್ದಿ ಓಡುತ್ತಿತ್ತು, ಸೈನಿಕರು ನಡೆಯುತ್ತಿದ್ದರು. ಕಥೆಗಾರ ಇಲ್ಲಿ ರೈಲು ತಂದರೆ ಬಂಡಾಯಗಾರರಿಗೆ ಸಿಕ್ಕ ಕಾಲಾವಕಾಶವೇ ಸುಳ್ಳಾಗುತ್ತದೆ. ಇದನ್ನು ಸಣ್ಣ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಕಾದಂಬರಿಯಲ್ಲಿ ಓದಿದ್ದೇ ಎಷ್ಟೋ ಜನರಿಗೆ ಇತಿಹಾಸ.

ಹತ್ತಿಯ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ಅಂತರ್ಯುದ್ಧ ನಡೆದ 1861–65ರಲ್ಲಿ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅದು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬೆಳೆದದ್ದು ಎರೆಹೊಲದಲ್ಲಿ, ಹೆಸರು ಮಾತ್ರ 'ಕುಮಟಾ ಹತ್ತಿ'! ಮಳೆ ಹಿಡಿದರೆ ಎರೆಮಣ್ಣಿನಲ್ಲಿ ಗಾಲಿ ಹೂತು ದಾರಿಯೇ ಬಂದ್. ಅಂದಿನ ವ್ಯಾಪಾರಿಯ ಆತಂಕ ಬರೆಯುವವರಿಗೆ ರೈಲಿನ ಹಂಗೇ ಬೇಡ.

1876–78ರ ಬರದಲ್ಲೂ ಗದಗಕ್ಕೆ ರೈಲಿಲ್ಲ, ಬಳ್ಳಾರಿಗೆ ಇತ್ತು. ಕಾಳು ಗಾಡಿಯಲ್ಲೇ ಬರಬೇಕು, ಎಳೆಯುವ ಎತ್ತುಗಳಿಗೇ ಮೇವಿಲ್ಲ. ಮುಂದೆ ಹೊಟಗಿ–ಗದಗ ಮಾರ್ಗ ಬೇಕೆಂದವರ ವಾದಗಳಲ್ಲಿ ಈ ಬರವೂ ಒಂದು.

1890ರ ಕಥೆಯಾದರೆ? ಆಗ ರೈಲು ಇರಬಹುದು, ಆದರೆ ಕಂಪನಿಯ ಹೆಸರು ಸದರ್ನ್ ಮರಾಠಾ ರೈಲ್ವೆ. 'ಎಂ.ಎಸ್.ಎಂ.' ಎಂದು ಬರೆದರೆ ತಪ್ಪು, ಅದು 1908ರದ್ದು. ಹಳಿ ಮೀಟರ್ ಗೇಜ್, ದೂರದ ಲೆಕ್ಕ ಮೈಲಿಯಲ್ಲಿ. ಗಡಿಯಾರದ ವಿಷಯದಲ್ಲಂತೂ ಎಚ್ಚರ ಬೇಕು: ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದದ್ದು 1906ರಲ್ಲಿ. ಅದಕ್ಕೂ ಮೊದಲು ರೈಲುಗಳು ಸಾಮಾನ್ಯವಾಗಿ ಮದ್ರಾಸ್ ಸಮಯ ಪಾಲಿಸುತ್ತಿದ್ದವು. ಮುಂಬಯಿ ಗಡಿಯಾರ ಅದಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಪತ್ತೇದಾರಿ ಕಥೆಯಲ್ಲಿ ಆ ಅರ್ಧ ಗಂಟೆಗೆ ಒಂದು ಕೊಲೆ ಅಡಗಿಸಬಹುದು.

ಇನ್ನು ಯಾವಗಲ್ಲಿನ ಪಾತ್ರವನ್ನು ಊರ ಮುಂದೆಯೇ ರೈಲು ಹತ್ತಿಸಬೇಡಿ. ಮಾರ್ಗ ಮಲ್ಲಾಪುರ, ಹೊಳೆಆಲೂರುಗಳ ಮೇಲೆ ಹೋಗುತ್ತದೆ. ಮೊದಲು ಚಕ್ಕಡಿ ಹೂಡಿಸಿ.