ಹೆಸರಿಗೆ ಹೊಣೆ ಯಾರು?

ಪೇಟೆಯಲ್ಲಿ ಒಂದು ವಸ್ತುವಿಗೆ ಹೆಸರಿಡುವುದು ಬರಿಯ ಸೌಕರ್ಯದ ಮಾತಲ್ಲ, ಹೊಣೆಯ ಮಾತೂ ಹೌದು. ಷೇರು ಧಾರಣೆಯನ್ನು ತಂತಿಯ ಮೂಲಕ ಪಡೆದು ಕಾಗದದ ಪಟ್ಟಿಯ ಮೇಲೆ ಅಚ್ಚೊತ್ತುವ ಯಂತ್ರ 1867ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದಾಗ, ಕಂಪನಿಗಳ ಉದ್ದನೆಯ ಹೆಸರುಗಳನ್ನು ಎರಡು ಮೂರು ಅಕ್ಷರಗಳಿಗೆ ಇಳಿಸಬೇಕಾಯಿತು. ಯಂತ್ರದ ಟಿಕ್‌ಟಿಕ್ ಸದ್ದಿನಿಂದ ‘ಟಿಕರ್’ ಎಂಬ ಮಾತೂ ಹುಟ್ಟಿತು. ಇಂದು ಕ್ರಿಪ್ಟೊ ನಾಣ್ಯಗಳಿಗೂ ಇಂತಹವೇ ಸಂಕೇತಾಕ್ಷರಗಳಿವೆ. ಆದರೆ ಷೇರಿನ ಸಂಕೇತದ ಹಿಂದೆ ವಿನಿಮಯ ಕೇಂದ್ರವೂ ಕಾನೂನೂ ನಿಂತಿರುತ್ತವೆ. ನಾಣ್ಯದ ಸಂಕೇತವನ್ನು ಹುಟ್ಟಿಸಿದವನೇ ಆರಿಸಿಕೊಳ್ಳುತ್ತಾನೆ. ಎರಡು ನಾಣ್ಯಗಳು ಒಂದೇ ಹೆಸರು ಹೊತ್ತರೂ ಕೇಳುವವರಿಲ್ಲ.

ರಾಷ್ಟ್ರಗಳ ಹಣಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಗೊತ್ತುಮಾಡಿದ ಮೂರಕ್ಷರಗಳಲ್ಲಿ ಮೊದಲೆರಡು ದೇಶವನ್ನು ಸೂಚಿಸುತ್ತವೆ. ನಮ್ಮ ರೂಪಾಯಿ ಐ.ಎನ್.ಆರ್.; ಯಾವ ದೇಶಕ್ಕೂ ಸೇರದ ಚಿನ್ನ ಎಕ್ಸ್.ಎ.ಯು. ಬಿಟ್‌ಕಾಯಿನ್ ಮಾತ್ರ ಬಿ.ಟಿ.ಸಿ. ಎನಿಸಿಕೊಂಡಿತು. ಬಿ.ಟಿ. ಎಂಬುದು ಭೂತಾನದ ಸೊತ್ತು! ತಪ್ಪನ್ನು ತಿದ್ದಲೆಂದು ಕೆಲವರು ಎಕ್ಸ್.ಬಿ.ಟಿ. ಎಂದು ಬರೆದರೂ ರೂಢಿಯೇ ಗೆದ್ದಿತು.

ಇಷ್ಟಾದರೆ ನಕ್ಕು ಸುಮ್ಮನಾಗಬಹುದಿತ್ತು. 2022ರ ಏಪ್ರಿಲ್‌ನಲ್ಲಿ ಟೆರಾ ಜಾಲದ ‘ಲೂನಾ’ ನಾಣ್ಯ 100 ಡಾಲರಿಗೂ ಮಿಕ್ಕಿ ಬೆಲೆಬಾಳುತ್ತಿತ್ತು. ಮೇ ತಿಂಗಳ ಕೆಲವೇ ದಿನಗಳಲ್ಲಿ ಒಂದು ಸೆಂಟನ್ನೂ ಬಾಳದಾಯಿತು. ಸ್ಥಾಪಕರ ಸಲಹೆಯ ಮೇರೆಗೆ ಮತದಾನ ನಡೆದು, ಮೇ 28ರಂದು ಹೊಸ ಜಾಲವೂ ಹೊಸ ನಾಣ್ಯವೂ ಹುಟ್ಟಿದವು. ಆ ಹೊಸ ನಾಣ್ಯಕ್ಕೆ ಇಟ್ಟ ಹೆಸರು ‘ಲೂನಾ’! ಮುಳುಗಿದ ಹಳೆಯದು ‘ಲೂನಾ ಕ್ಲಾಸಿಕ್’ ಎಂದಾಗಿ ಬೇರೆ ಸಂಕೇತ ಪಡೆಯಿತು. ಹಳಬರಿಗೆ ಹೊಸದರಲ್ಲಿ ಪಾಲು ಹಂಚಿದ್ದುಂಟು, ನಿಜ. ಆದರೂ ನಷ್ಟವನ್ನು ಒಂದು ಹೆಸರಿಗೆ ಕಟ್ಟಿ, ಕೀರ್ತಿಯನ್ನು ಇನ್ನೊಂದಕ್ಕೆ ಉಳಿಸಿಕೊಂಡ ಈ ಏರ್ಪಾಡು ನನಗೆ ನ್ಯಾಯವೆಂದು ತೋರುವುದಿಲ್ಲ.

ಷೇರು ಪೇಟೆಯಲ್ಲಿಯೂ ಗೊಂದಲವಿಲ್ಲದಿಲ್ಲ. 2020ರಲ್ಲಿ ಅಮೆರಿಕದ ಜನ, ಪ್ರಸಿದ್ಧ ಜೂಮ್ ವಿಡಿಯೊ ಸಂಸ್ಥೆಯದೆಂದು ಭ್ರಮಿಸಿ, ‘ಜೂಮ್’ ಎಂಬ ಸಂಕೇತ ಹೊತ್ತ ಬೇರೊಂದು ಸಣ್ಣ ಕಂಪನಿಯ ಷೇರನ್ನು ಕೊಂಡರು. ಆದರೆ ಅಲ್ಲಿನ ನಿಯಂತ್ರಣ ಆಯೋಗ ಮಾರ್ಚಿನಲ್ಲಿಯೇ ಆ ವ್ಯವಹಾರವನ್ನು ತಡೆಹಿಡಿಯಿತು. ತಡೆಯುವ ಕೈಯೊಂದು ಇತ್ತೆಂಬುದೇ ಇಲ್ಲಿ ಮುಖ್ಯ.

ಮದ್ದು ಇಲ್ಲವೆಂದಲ್ಲ. ಪ್ರತಿಯೊಂದು ನಾಣ್ಯಕ್ಕೂ ಪ್ರತ್ಯೇಕವಾದ ಒಂಬತ್ತು ಅಕ್ಷರಗಳ ಗುರುತನ್ನು ಕೊಡುವ ಐ.ಎಸ್.ಓ. 24165 ಎಂಬ ಮಾನಕ 2021ರಲ್ಲಿಯೇ ಪ್ರಕಟವಾಗಿದೆ. ಆದರೆ ಬಾಯಲ್ಲಿ ನಿಲ್ಲದ ಆ ಗುರುತನ್ನು ಸಾಮಾನ್ಯ ಗ್ರಾಹಕ ಕಂಡೇ ಇಲ್ಲ. ಅವನು ಕೊಳ್ಳುವುದು ಬಾಯಿಪಾಠವಾದ ಮೂರಕ್ಷರವನ್ನು. ನಮ್ಮ ಸರಕಾರ 2022ರಿಂದ ಈ ಲಾಭದ ಮೇಲೆ ಶೇಕಡ 30ರಷ್ಟು ತೆರಿಗೆ ವಿಧಿಸಿದೆ. ತೆರಿಗೆ ಎತ್ತುವವರು, ಮಾರುವ ಪ್ರತಿ ನಾಣ್ಯದ ಸಂಕೇತದ ಪಕ್ಕದಲ್ಲಿ ಆ ಪೂರ್ಣ ಗುರುತನ್ನೂ, ಹೆಸರು ಬದಲಾಗಿದ್ದರೆ ಹಳೆಯ ಹೆಸರನ್ನೂ ತೋರಿಸಬೇಕೆಂದು ವಿಧಿಸುವುದು ಅತಿಯಾದ ಬೇಡಿಕೆಯೆ? ಕೊಳ್ಳುವವನ ಲಾಭನಷ್ಟ ಅವನದೇ ಇರಲಿ. ತಾನು ಕೊಂಡದ್ದು ಏನೆಂಬುದಾದರೂ ಅವನಿಗೆ ತಿಳಿದಿರಬೇಕು.