ವಕಾಲತ್ತು ಬೇರೆ, ಸದಸ್ಯತ್ವ ಬೇರೆ

ಹೋರ್ಸ್ಟ್ ಮಾಲರ್ ಎಂಬ ಜರ್ಮನ್ ವಕೀಲ 2025ರ ಜುಲೈನಲ್ಲಿ ತೀರಿಕೊಂಡ. 89 ವರ್ಷವಾಗಿತ್ತು. ಸುದ್ದಿ ಓದಿದಾಗ ನಾನು ದೊಡ್ಡಬಳ್ಳಾಪುರದ ಬಸ್ಸಿನಲ್ಲಿದ್ದೆ. ನನ್ನ ಪಿಎಚ್‌ಡಿ ವಕೀಲರ ಸಂಘಗಳ ಬಗ್ಗೆ (ಮನೆಯವರ ಮಟ್ಟಿಗೆ ಇದಿನ್ನೂ ಉದ್ಯೋಗವಲ್ಲ). ನಮ್ಮ ಜಿಲ್ಲೆಯಲ್ಲೇ ಕ್ರಿಮಿನಲ್ ಕೇಸು ನಡೆಸುವ ಜೂನಿಯರ್ ಗೆಳೆಯನೊಬ್ಬನಿಗೆ ಸುದ್ದಿ ಕಳಿಸಿದೆ. ಯಲಹಂಕ ದಾಟುವಷ್ಟರಲ್ಲಿ ಉತ್ತರ ಬಂತು: 'ನೋಡು ಮಗಾ, ಎಡಕ್ಕೆ ಹೋದ್ರೂ ಬಲಕ್ಕೆ ಹೋದ್ರೂ ಕೊನೇಗೆ ಒಂದೇ ಊರು. ಅದಕ್ಕೇ ನಮ್ ಸೀನಿಯರ್ರು ಅಂಥೋರ ಕೇಸೇ ಹಿಡೀಬ್ಯಾಡ ಅನ್ನೋದು.'

ಈ ಮಾತಿನಲ್ಲಿ ಎರಡು ತಪ್ಪಿವೆ. ಮೊದಲನೆಯದು ಸೋಮಾರಿತನ, ಎರಡನೆಯದು ಅಪಾಯ.

1960ರ ದಶಕದ ಪಶ್ಚಿಮ ಬರ್ಲಿನ್ನಿನಲ್ಲಿ ಮಾಲರ್ ಚಳವಳಿಯ ವಿದ್ಯಾರ್ಥಿಗಳ ವಕೀಲ. ಒಂದು ಕಾಲಕ್ಕೆ ನಾತ್ಸಿ ಪಕ್ಷದ ಸದಸ್ಯನಾಗಿದ್ದ ಚಾನ್ಸೆಲರ್ ಕೀಸಿಂಗರ್‌ನ ಕೆನ್ನೆಗೆ 1968ರಲ್ಲಿ ಹೊಡೆದ ಬೇಆಟೆ ಕ್ಲಾರ್ಸ್‌ಫೆಲ್ಡ್ ಪರ ನಿಂತವನು ಇವನೇ. 1970ರಲ್ಲಿ ಕರಿಕೋಟು ಬಿಟ್ಟು 'ರೆಡ್ ಆರ್ಮಿ ಫ್ಯಾಕ್ಷನ್' ಕಟ್ಟುವವರ ಜೊತೆ ಸೇರಿದ, ಹತ್ತು ವರ್ಷ ಜೈಲು ಕಂಡ. 2000ದಲ್ಲಿ ನವನಾತ್ಸಿಗಳ ಎನ್‌ಪಿಡಿ ಪಕ್ಷ ಸೇರಿದ. 'ಒಂದೇ ಊರು' ಎನ್ನುವವರಿಗೆ ಇಷ್ಟು ಸಾಕು. ಆದರೆ ಆ ಕಾಲದಲ್ಲಿ ಅವನ ಜೊತೆ ಅವೇ ವಿದ್ಯಾರ್ಥಿಗಳ ಪರ ವಾದಿಸಿದ ಇನ್ನಿಬ್ಬರಿದ್ದರಲ್ಲ! ಹಾನ್ಸ್ ಕ್ರಿಸ್ಟಿಯಾನ್ ಸ್ಟ್ರೋಬೆಲೆ ಗ್ರೀನ್ ಪಕ್ಷದ ಸಂಸದನಾದ. ಮಾಲರ್‌ನದೇ ವಕೀಲನಾಗಿದ್ದ ಓಟೋ ಶೀಲಿ ದೇಶದ ಗೃಹಮಂತ್ರಿಯಾದ. ಹೊರಟದ್ದು ಮೂವರು, ಆ ಊರು ತಲುಪಿದ್ದು ಒಬ್ಬ. ದಾರಿಯನ್ನು ಬೈದು ಏನು ಪ್ರಯೋಜನ?

2001ರಲ್ಲಿ ಎನ್‌ಪಿಡಿಯನ್ನು ನಿಷೇಧಿಸಲು ಸರ್ಕಾರ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. ನಿಷೇಧ ಕೇಳಿದ ಮಂತ್ರಿ ಶೀಲಿ, ಪಕ್ಷದ ವಕೀಲ ಮಾಲರ್. ಪಕ್ಷದ ನಾಯಕರ ನಡುವೆಯೇ ಸರ್ಕಾರದ ಬೇಹುಗಾರರು ಕೂತಿದ್ದರು ಎಂಬುದು ಹೊರಬಿದ್ದು 2003ರಲ್ಲಿ ಪ್ರಕರಣ ನಿಂತುಹೋಯಿತು. ಯಾವ ಮಾತು ಪಕ್ಷದ್ದು, ಯಾವುದು ಸರ್ಕಾರಿ ಸಂಬಳದ್ದು ಎಂದು ಬೇರ್ಪಡಿಸುವವರು ಯಾರು? ಎನ್‌ಪಿಡಿ ಎಂದರೆ ನನಗೆ ಅಸಹ್ಯ. ಆದರೂ ಹೇಳುತ್ತೇನೆ, ಅಲ್ಲಿ ಮಾಲರ್ ನಿಂತದ್ದರಲ್ಲಿ ತಪ್ಪಿರಲಿಲ್ಲ. ಅದು ವಕಾಲತ್ತು.

ಗೆರೆ ದಾಟಿದ್ದು ಬೇರೆ ಕಡೆ. ಯಹೂದಿಗಳ ಕಗ್ಗೊಲೆಯೇ ನಡೆದಿಲ್ಲ ಎಂದು ಸಾರುವುದನ್ನೇ ಅವನು ಕಸುಬು ಮಾಡಿಕೊಂಡ. ಅದಕ್ಕೇ ಮತ್ತೆ ಜೈಲಿಗೆ ಹೋದ, ಸನ್ನದನ್ನೂ ಕಳೆದುಕೊಂಡ. ಅವನ ಬಳಗದ ವಕೀಲೆ ಸಿಲ್ವಿಯಾ ಸ್ಟೋಲ್ಜ್, ಅದೇ ಅಪರಾಧದ ಆರೋಪಿ ಎರ್ನ್ಸ್ಟ್ ಸ್ಯುಂಡೆಲ್ ಪರ ಮಾನ್‌ಹೈಮ್ ನ್ಯಾಯಾಲಯಕ್ಕೆ ಕೊಟ್ಟ ಅರ್ಜಿಯ ಕೆಳಗೆ 'ಹೈಲ್ ಹಿಟ್ಲರ್' ಎಂದು ಬರೆದಳು. ಕಕ್ಷಿಗಾರನಿಗೆ ಅದರಿಂದ ಕೂದಲಷ್ಟೂ ಲಾಭವಿಲ್ಲ. 2008ರಲ್ಲಿ ಅವಳಿಗೂ ಮೂರೂವರೆ ವರ್ಷ ಜೈಲಾಯಿತು. ಐದು ವರ್ಷ ವಕೀಲಿಕೆ ಮಾಡುವಂತಿಲ್ಲವೆಂದೂ ಆದೇಶವಾಯಿತು. ಯಾರ ಪರ ನಿಂತರೆಂಬುದಲ್ಲ, ಕೋಟು ಯಾವಾಗ ಸಮವಸ್ತ್ರವಾಯಿತು ಎಂಬುದು ಪ್ರಶ್ನೆ.

ಇದೇ ಪ್ರಶ್ನೆಯನ್ನು ಮನೆಗೆ ತರುತ್ತೇನೆ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಅವರ ಪರ ಯಾರೂ ವಕಾಲತ್ತು ಹಾಕಬಾರದೆಂದು ಅಲ್ಲಿನ ವಕೀಲರ ಸಂಘ ಠರಾವು ಮಾಡಿತು. ಬೆಂಗಳೂರಿನಿಂದ ಹೊರಟ ವಕೀಲರು, ಪೊಲೀಸ್ ರಕ್ಷಣೆ ಕೊಡಿಸಿ ಎಂದು ಹೈಕೋರ್ಟಿನ ಬಾಗಿಲು ಬಡಿಯಬೇಕಾಯಿತು. ರಕ್ಷಣೆಯಿದ್ದೂ ಧಾರವಾಡದ ನ್ಯಾಯಾಲಯದಲ್ಲಿ ಅವರನ್ನು ಸುತ್ತುಗಟ್ಟಿ ಕೂಗಾಡಿದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಕೆಂಡ ಕಾರಿತು. ಅದಕ್ಕೂ ಒಂದು ತಿಂಗಳು ಮೊದಲು ಮೈಸೂರಿನಲ್ಲಿ, ಒಂದು ಫಲಕ ಹಿಡಿದ ತಪ್ಪಿಗೆ ಒಬ್ಬ ಯುವತಿಯ ವಿರುದ್ಧ ಇಂಥದೇ ಠರಾವು. ಅಲ್ಲಿ ನೂರಕ್ಕೂ ಹೆಚ್ಚು ವಕೀಲರು ಒಟ್ಟಾಗಿ ವಕಾಲತ್ತಿಗೆ ಸಹಿ ಹಾಕಿದರು. ಆ ದಿನ ಕರಿಕೋಟಿನ ಬಗ್ಗೆ ನನಗೆ ಹೆಮ್ಮೆಯಾಗಿತ್ತು. ಇಂಥ ಠರಾವುಗಳಿಗೆ ಕವಡೆ ಕಿಮ್ಮತ್ತಿಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲೇ, ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿಯಾಗಿತ್ತು. ಠರಾವು ಮಾಡಿದವರು ಅದನ್ನು ಓದಿಲ್ಲವೆಂದು ನಂಬಲಾರೆ.

ಇನ್ನೊಂದು ತಕ್ಕಡಿಯನ್ನೂ ನೋಡಿ. ಹಿಂದೂ ವಿಧಿಜ್ಞ ಪರಿಷತ್ತಿನ ವಕೀಲ ಸಂಜೀವ್ ಪುನಾಳೇಕರ್ ಅವರನ್ನು ದಾಭೋಲ್ಕರ್ ಹತ್ಯೆ ಪ್ರಕರಣದಲ್ಲಿ ಸಿಬಿಐ 2019ರಲ್ಲಿ ಬಂಧಿಸಿತು. ಗೌರಿ ಲಂಕೇಶ್ ಪ್ರಕರಣದ ಆರೋಪಿಯೊಬ್ಬ ಕರ್ನಾಟಕ ಪೊಲೀಸರಿಗೆ ಕೊಟ್ಟ ಹೇಳಿಕೆಯೂ ಅದಕ್ಕೊಂದು ಆಧಾರವಾಗಿತ್ತು. 2024ರ ಮೇ ತಿಂಗಳಲ್ಲಿ ಪುಣೆಯ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ತೀರ್ಪು ತೀರ್ಪೇ, ನಾನು ಗೊಣಗುವುದಿಲ್ಲ. ಗೌರಿಯನ್ನು ಕೊಂದ ಆರೋಪ ಹೊತ್ತವರಿಗೂ ವಕೀಲರಿದ್ದಾರೆ, ಇರಲೇಬೇಕು. 2024ರ ಅಕ್ಟೋಬರಿನಲ್ಲಿ ಅವರಲ್ಲಿ ಇಬ್ಬರು ಜಾಮೀನು ಪಡೆದು ವಿಜಯಪುರಕ್ಕೆ ಬಂದಾಗ ಹಾರ ಹಾಕಿದವರನ್ನು ನಾನು ಮರೆಯುವುದಿಲ್ಲ. ಜಾಮೀನು ಕೊಡಿಸಿದ ವಕೀಲರ ಮೇಲೆ ಮಾತ್ರ ನನಗೆ ದೂರಿಲ್ಲ. ಆ ಹಕ್ಕನ್ನು ಇವರಿಗೆ ಬಿಟ್ಟುಕೊಡುವುದು ನನಗೆ ಕಷ್ಟ. ಆದರೂ ಬಿಟ್ಟುಕೊಟ್ಟಿದ್ದೇನೆ. ಕಾಶ್ಮೀರದ ಮೂವರು ಹುಡುಗರಿಗೆ ಅದನ್ನು ಬಿಟ್ಟುಕೊಡಲು ಒಂದು ಸಂಘಕ್ಕೆ ಆಗಲಿಲ್ಲವೆಂದರೆ, ಅದು ಸಂಘವೋ ಪಕ್ಷವೋ?

ಹುಬ್ಬಳ್ಳಿಯ ಪೆಟ್ಟಿನ ನಂತರ ಜನ ಬುದ್ಧಿ ಕಲಿತಿದ್ದಾರೆ, ಬೇರೆ ಥರದ ಬುದ್ಧಿ. ಈಗ ಬರೆದಿಡುವುದಿಲ್ಲ. ಬರೆದರೆ ತಾನೇ ಹೈಕೋರ್ಟು ರದ್ದು ಮಾಡುವುದು? ನಮ್ಮ ಜಿಲ್ಲೆಯ ಒಂದು ಊರಿನಲ್ಲಿ, ಹೆಸರು ಬೇಡ, ವಾಟ್ಸಾಪ್ ಸ್ಟೇಟಸ್ ಹಾಕಿದ ಹುಡುಗನೊಬ್ಬ ಒಳಗೆ ಹೋದ. ಅವನ ತಾಯಿ ಹುಡುಕಿಕೊಂಡು ಬಂದದ್ದು ನನ್ನ ಗೆಳೆಯನನ್ನೇ. 'ನಾಳೆ ಬನ್ನಿ ಅಮ್ಮ' ಅಂದನಂತೆ. ಸಂಜೆ ಟೀ ಅಂಗಡಿಯಲ್ಲಿ ಸೀನಿಯರ್ರು ಹೆಗಲ ಮೇಲೆ ಕೈಹಾಕಿ, 'ಎಲ್ಲಾ ಮಾತಾಡ್ಕೊಂಡಿದೀವಪ್ಪ, ನೀನು ಮುಂದೆ ಬರೋ ಹುಡ್ಗ' ಅಂದರು. ಅಷ್ಟೇ. ಇದನ್ನು ಯಾವ ರಿಟ್ ಅರ್ಜಿಯಲ್ಲಿ ಪ್ರಶ್ನಿಸುತ್ತೀರಿ?

ಮೂರು ದಿನದ ಮೇಲೆ ಬೆಂಗಳೂರಿನಿಂದ ಒಬ್ಬರು ಬಂದು ಜಾಮೀನು ಅರ್ಜಿ ಹಾಕಿದರು. ಆ ತಾಯಿ ಕೊಟ್ಟುಹೋಗಿದ್ದ ಆಧಾರ್ ಜೆರಾಕ್ಸ್ ಗೆಳೆಯನ ಫೈಲಿನಲ್ಲಿ ಇನ್ನೂ ಇದೆ. ವಾಪಸ್ ಕೊಟ್ಟು ಬಾರೋ ಅಂದರೆ, ಯಾವ ಮುಖ ಇಟ್ಕೊಂಡು ಹೋಗ್ಲಿ ಅನ್ನುತ್ತಾನೆ.